ಕಾಗದದ ಹವಾಲ್ದಾರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಊರುಗಳಲ್ಲಿ ಮಿಲ್ಟ್ರಿಯಿಂದ ಬಂದವರು ಇಲ್ಲದ ಓಣಿ ಕಡಿಮೆ. ಬೆಳಗಾವಿಯಲ್ಲಿ 1922ರಿಂದ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಮಳೆ ಕೈಕೊಟ್ಟ ವರ್ಷ, ಹೊಳೆ ಹೊಲ ನುಂಗಿದ ವರ್ಷ, ಸಾಲ ಕೊಟ್ಟವ ಬಾಗಿಲಿಗೆ ಬಂದು ಕೂತ ವರ್ಷ ನಮ್ಮ ಹುಡುಗರು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ ಅಲ್ಲಿನ ಸಾಲಿನಲ್ಲಿ ನಿಂತಿದ್ದಾರೆ. ಹೊಳೆಯಾಚೆ ಶಿರೋಳ ತಾಲ್ಲೂಕಿನಲ್ಲಿ ಸೈನಿಕ ಟಾಕಳಿ ಎಂಬ ಊರೇ ಇದೆ. ತಲೆತಲಾಂತರದಿಂದ ಮಕ್ಕಳನ್ನು ಪಲ್ಟನ್ನಿಗೆ ಕಳಿಸಿದ ಊರು ಅದು. ಈಚೆ ದಡದ ನಮ್ಮ ಊರುಗಳಿಗೆ ಅಂಥ ಹೆಸರು ಬರಲಿಲ್ಲ, ಆದರೆ ಮಕ್ಕಳು ಹೋದದ್ದು ಕಡಿಮೆಯೇನಲ್ಲ.

ನನ್ನ ಅಪ್ಪ ಭರ್ತಿಯಾದದ್ದು 1963ರಲ್ಲಿ. ಚೀನಾ ಯುದ್ಧ ಮುಗಿದು ಸೈನ್ಯವನ್ನು ದೊಡ್ಡದು ಮಾಡುತ್ತಿದ್ದ ಕಾಲ. ಅಜ್ಜ ಅಷ್ಟೊತ್ತಿಗೆ ತೀರಿಹೋಗಿದ್ದ. ಯಡೂರಿನಿಂದ ತುಸು ದೂರದಲ್ಲಿ ಕೃಷ್ಣೆಯ ದಂಡೆಯ ಮೇಲೆ ಮೂರು ಎಕರೆ ಹೊಲ, ಅದರ ಮೇಲೆ ಸಾಲ, ಅಪ್ಪನ ಹಿಂದೆ ನಾಲ್ವರು ತಮ್ಮ ತಂಗಿಯರು. ದೇಶಸೇವೆಗೆ ಹೋದೆ ಎಂದು ಅಪ್ಪ ಯಾವತ್ತೂ ಹೇಳಿಕೊಂಡವನಲ್ಲ. ಯಾರಾದರೂ ಕೇಳಿದರೆ, ‘ಮನಿ ನಡೀಬೇಕಿತ್ತು, ಹೋದ್ನಿ’ ಎನ್ನುತ್ತಿದ್ದ. ಆ ಮಾತಿನಲ್ಲಿ ಅವನಿಗೆ ಸಂಕೋಚವಿರಲಿಲ್ಲ. ಮನೆ ನಡೆಸುವುದೂ ದೇಶ ಕಾಯುವುದೂ ಅವನ ಮನಸ್ಸಿನಲ್ಲಿ ಒಂದೇ ಕೆಲಸದ ಎರಡು ಪಾಳಿಗಳಾಗಿದ್ದವು.

ಅವನಿಗೆ ಸಿಕ್ಕಿದ್ದು ಮರಾಠಾ ದಳದ ಒಂದನೇ ಬಟಾಲಿಯನ್. 1768ರಲ್ಲಿ ಮುಂಬಯಿಯಲ್ಲಿ ಕಟ್ಟಿದ್ದು, ಜಂಗಿ ಪಲ್ಟನ್ ಎಂದೇ ಹೆಸರಾದದ್ದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡಿ ಬೆಳೆದವನಿಗೆ ಅಲ್ಲಿ ಹಿಂದಿಯೂ ಸೇರಿತು. ಛತ್ರಪತಿ ಶಿವಾಜಿ ಮಹಾರಾಜರ ಜಯಘೋಷ ಕೂಗುತ್ತ ಓಡುವ ಪಲ್ಟನ್ನಿನಲ್ಲಿ ಕನ್ನಡದವರೂ ಇದ್ದರು. ರಾತ್ರಿ ಪಹರೆ ಮುಗಿದ ಮೇಲೆ ತಾವು ತಾವೇ ಕೂತು ಕನ್ನಡ ಮಾತಾಡಿಕೊಳ್ಳುತ್ತಿದ್ದರಂತೆ. ಗಡಿ ಯಾರದು, ನಿಪ್ಪಾಣಿ ಯಾರದು ಎಂಬ ಜಗಳ ಊರಲ್ಲಿ ಜೋರಾದಾಗಲೆಲ್ಲ ಅಪ್ಪ ಎದ್ದು ಹೊಲದ ಕಡೆ ಹೊರಟುಬಿಡುತ್ತಿದ್ದ. ಹಿಂದೆ ಮುಂದೆ ಮಲಗಿ ಒಂದೇ ಹೊದಿಕೆ ಹಂಚಿಕೊಂಡವರ ಭಾಷೆ ಅಳೆಯುವ ಮಾತನ್ನು ಅವನು ಸಹಿಸುತ್ತಿರಲಿಲ್ಲ.

ಆ ಕನ್ನಡದವರಲ್ಲಿ ಅಥಣಿ ತಾಲ್ಲೂಕಿನ ಒಬ್ಬ ಗೆಳೆಯನಿದ್ದ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಅವನ ಮನೆಯವರಿಗೆ ಅದು ಇಷ್ಟವಿಲ್ಲ. ಅಥಣಿಯ ಮೂಡಣ ದಿಕ್ಕಿನ ಬೆದ್ದಲು ಸೀಮೆಯವನು. ನೀರೆಂದರೆ ಬಾವಿಯ ತಳದಲ್ಲಿ ಮಿನುಗುವಷ್ಟು ಎಂದು ತಿಳಿದವನು. ಅಪ್ಪನೋ ಹೊಳೆಯಲ್ಲಿ ಎಮ್ಮೆಯ ಬಾಲ ಹಿಡಿದು ಈಜು ಕಲಿತವನು. ಇಬ್ಬರೂ ಕೂಡಿ ಸೂಟಿ ಹಾಕುತ್ತಿದ್ದರು, ಸಾಧ್ಯವಾದರೆ ಭಾರತ ಹುಣ್ಣಿಮೆಯ ಹೊತ್ತಿಗೆ, ಚಿಂಚಲಿ ಮಾಯಕ್ಕನ ಜಾತ್ರೆ ಸಿಗುವ ಹಾಗೆ. ಮಿರಜಿನಲ್ಲಿ ಇಳಿದು ಮೀಟರ್ ಗೇಜಿನ ಸಣ್ಣ ಗಾಡಿ ಹತ್ತಿದರೆ ಮುಂದೆ ಶೇಡಬಾಳ. ಗೆಳೆಯ ಅಲ್ಲಿ ಇಳಿಯುತ್ತಿದ್ದ. ಅಪ್ಪ ಕಿಟಕಿಯಿಂದ ಅವನ ಕರೀ ಟ್ರಂಕು ದಾಟಿಸಿ, ಉಗಾರ, ಕುಡಚಿ, ಚಿಂಚಲಿ ಹಾದು ರಾಯಬಾಗದಲ್ಲಿ ಇಳಿಯುತ್ತಿದ್ದ.

ಅಪ್ಪ ಅವ್ವನನ್ನು ಮದುವೆಯಾದದ್ದು 1967ರಲ್ಲಿ. ಅವ್ವ ನಿಪ್ಪಾಣಿ ಹತ್ತಿರದ ತಂಬಾಕಿನ ಹೊಲದವರ ಮಗಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮದುವೆಯಾದ ಮೊದಲ ವರ್ಷ ಅಪ್ಪನ ಪತ್ರ ಬಂದರೆ ಶಾಲೆಯ ಮಾಸ್ತರರು ನಮ್ಮ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು, ಓಣಿಯೆಲ್ಲ ಕೇಳುತ್ತಿತ್ತು. ಮನಿಯಾರ್ಡರಿನಲ್ಲಿ ಎಷ್ಟು ಸಾಲಕ್ಕೆ, ಎಷ್ಟು ಬೀಜಕ್ಕೆ, ತಂಗಿಯ ಸೀರೆಗೆಷ್ಟು ಎಂಬ ಲೆಕ್ಕವೇ ಪತ್ರದ ತುಂಬ. ಹೆಂಡತಿಗೆಂದು ಒಂದು ಮಾತು ಬರೆಯಲು ದಾರಿಯೇ ಇರಲಿಲ್ಲ. ಮುಂದಿನ ಸೂಟಿಯಲ್ಲಿ ಬಂದವನು ಚಿಕ್ಕೋಡಿಯ ಸಂತೆಯಿಂದ ಒಂದು ಅಂಕಲಿಪಿ, ಒಂದು ಪಾಟಿ, ಬಳಪದ ಪೆಟ್ಟಿಗೆ ತಂದ. ಅತ್ತೆ ಮಲಗಿದ ಮೇಲೆ ಒಲೆಯ ಬೆಳಕಿನಲ್ಲಿ ಅವ್ವನ ಕೈ ಹಿಡಿದು ತಿದ್ದಿಸಿದ. ಅವ್ವ ಮೊದಲು ಕಲಿತದ್ದು ತನ್ನ ಹೆಸರನ್ನು. ಈ ಹೆಸರಿನ ಮಾತು ಮುಂದೆ ಮತ್ತೆ ಬರುತ್ತದೆ. ನಮ್ಮ ಕಡೆಯ ಬಹಳ ಮನೆಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ. ಅವ್ವ ಬರೆಯಲು ಕಲಿತದ್ದು ಆ ಹೊಸ ಹೆಸರನ್ನು.

ಮುಂದಿನ ಪತ್ರಗಳನ್ನು ಮಾಸ್ತರರು ಓದಲಿಲ್ಲ. ಅವುಗಳನ್ನು ನಾನೂ ಓದಿಲ್ಲ. ಅವ್ವ ಈಗಲೂ ಕೊಡುವುದಿಲ್ಲ.

1971ರ ಡಿಸೆಂಬರಿನಲ್ಲಿ ಯುದ್ಧ ನಡೆದಾಗ ಅವ್ವನ ಹೊಟ್ಟೆಯಲ್ಲಿ ನಾನಿದ್ದೆ. ಮೂರು ವರ್ಷದ ಅಣ್ಣ ಅಂಗಳದಲ್ಲಿ ಆಡುತ್ತಿದ್ದ. ಊರಲ್ಲಿ ರೇಡಿಯೋ ಇದ್ದದ್ದು ಎರಡೇ ಮನೆಯಲ್ಲಿ. ಸಂಜೆಯಾದರೆ ಪಲ್ಟನ್ನಿನಲ್ಲಿ ಮಕ್ಕಳಿದ್ದ ತಾಯಂದಿರೆಲ್ಲ ಅಲ್ಲಿ ಬಂದು ಕೂರುತ್ತಿದ್ದರಂತೆ. ಸುದ್ದಿಯ ಹಿಂದಿಯೋ ಇಂಗ್ಲಿಷೋ ಅರ್ಥವಾಗದಿದ್ದರೂ ‘ಮರಾಠಾ’ ಎಂಬ ಶಬ್ದಕ್ಕೆ ಕಿವಿಯಿಟ್ಟು.

ಯುದ್ಧದ ಬಗ್ಗೆ ಅಪ್ಪ ಇಡಿಯಾಗಿ ಮಾತಾಡಿದ್ದು ಒಂದೇ ಸಲ. ಅಣ್ಣ ಹತ್ತನೆಯ ತರಗತಿ ಮುಗಿಸಿ ತಾನೂ ಭರ್ತಿಗೆ ಹೋಗುತ್ತೇನೆ ಎಂದು ಹಟ ಹಿಡಿದ ರಾತ್ರಿ. ‘ಹೋಗು, ಬ್ಯಾಡ ಅನ್ನಂಗಿಲ್ಲ. ಆದರ ಏನಂತ ತಿಳಕೊಂಡು ಹೋಗು’ ಎಂದು ಶುರು ಮಾಡಿದ. ನಾನು ಕದದ ಹಿಂದೆ ಕೂತಿದ್ದೆ.

ಅವರ ಪಲ್ಟನ್ 95ನೇ ಪರ್ವತ ಬ್ರಿಗೇಡಿನ ಜೊತೆ ಮೇಘಾಲಯದ ಕಡೆಯಿಂದ ಪೂರ್ವ ಪಾಕಿಸ್ತಾನದೊಳಗೆ ಇಳಿಯಿತು. ಗಡಿಯ ಕಮಾಲ್‌ಪುರ ಠಾಣೆ ಡಿಸೆಂಬರ್ 4ರಂದು ಶರಣಾಯಿತು. ಅಲ್ಲಿಂದ ದಕ್ಷಿಣಕ್ಕೆ ಬ್ರಹ್ಮಪುತ್ರ, ಅದರ ಆಚೆ ದಡಕ್ಕೆ ಜಮಾಲ್‌ಪುರ. ಒಳಗೆ ಪಾಕಿಸ್ತಾನದ 31ನೇ ಬಲೂಚ್ ಪಲ್ಟನ್ ಗಟ್ಟಿಯಾಗಿ ಕೂತಿತ್ತು. ನಮ್ಮವರು ಎದುರಿನಿಂದ ಹೊಡೆಯುವ ಬದಲು ನದಿ ದಾಟಿ ಸುತ್ತುಹಾಕಿ ಊರಿನ ಬೆನ್ನಿಗೆ ಹೋಗಿ, ಟಾಂಗೈಲ್ ಮತ್ತು ಢಾಕಾದ ಕಡೆಗೆ ಹೋಗುವ ದಾರಿ ಕಟ್ಟಿದರು. ನದಿ ದಾಟುವಾಗ ಅಥಣಿಯ ಗೆಳೆಯ ದೋಣಿಯಲ್ಲಿ ಅಪ್ಪನ ಬೆಲ್ಟನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದನಂತೆ. ಗುಂಡಿಗೆ ಹೆದರದವನು ನೀರಿಗೆ ಹೆದರಿದ್ದ. ‘ನಾ ಇದ್ದೇನಿ, ನಿನ್ನ ಮುಳುಗಾಕ ಬಿಡಂಗಿಲ್ಲ’ ಎಂದು ಅಪ್ಪ ಕನ್ನಡದಲ್ಲಿ ಹೇಳಿದ.

9ನೇ ತಾರೀಖು ಬ್ರಿಗೇಡಿಯರ್ ಹರ್‌ದೇವ್ ಸಿಂಗ್ ಕ್ಲೇರ್, ಶರಣಾಗಿರಿ ಎಂದು ಜಮಾಲ್‌ಪುರದೊಳಗೆ ಪತ್ರ ಕಳಿಸಿದರು. ಬಲೂಚ್ ಪಲ್ಟನ್ನಿನ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹಮದ್ ಉತ್ತರ ಬರೆದು, ಕಾಗದದ ಜೊತೆ ಒಂದು ಗುಂಡನ್ನು ಸುತ್ತಿ ಕಳಿಸಿದ. ಈ ಸಂಗತಿ ಯುದ್ಧದ ಹಲವು ಇತಿಹಾಸಗಳಲ್ಲಿ ಇದೆ. ಕಂದಕದಲ್ಲಿದ್ದ ಅಪ್ಪನಂಥ ಜವಾನರಿಗೆ ತಿಳಿದದ್ದು ಇಷ್ಟೇ: ಅವರು ಹೊರಗೆ ಬರುತ್ತಾರೆ, ಬಂದರೆ ನಮ್ಮ ಮೇಲೆಯೇ ಬರುತ್ತಾರೆ. 10ರ ರಾತ್ರಿ ಬಂದರು. ದಾರಿ ಮುರಿದು ದಕ್ಷಿಣಕ್ಕೆ ಹೋಗಲು ನೋಡಿದ ಬಲೂಚ್ ಪಲ್ಟನ್, ಲೆಫ್ಟಿನೆಂಟ್ ಕರ್ನಲ್ ಕೆ.ಎಸ್. ಬ್ರಾರ್ ಅವರ ಕೈಕೆಳಗಿನ ಒಂದನೇ ಮರಾಠಾದ ಸಾಲುಗಳಿಗೆ ಕತ್ತಲಲ್ಲಿ ಬಂದು ತಾಕಿತು. ಬೆಳಗಾಗುವ ತನಕ ಗುಂಡಿನ ಸಪ್ಪಳ ನಿಲ್ಲಲಿಲ್ಲ. 11ರ ಮುಂಜಾನೆ ಜಮಾಲ್‌ಪುರ ಬಿತ್ತು. ಆ ಹೆಸರು ಈಗ ಪಲ್ಟನ್ನಿನ ಯುದ್ಧ ಗೌರವಗಳಲ್ಲಿ ಒಂದು.

ಇಷ್ಟು ಹೇಳಿ ಅಪ್ಪ ಸುಮ್ಮನಾದ. ಅಣ್ಣ ಕೇಳಿದ, ‘ಆಮ್ಯಾಲ?’

‘ಆಮ್ಯಾಲ ಏನು? ಬೆಳಕ ಹರೀತು. ನೋಡಿದ್ರ ಹತ್ತು ಮಾರು ಆಚೆ ಅಂವಾ ಮಕಾಡಿ ಬಿದ್ದಿದ್ದ. ಬೆಲ್ಟ ಹಿಡಕೊಂಡಿದ್ದನಲ್ಲ, ಅಂವಾ.’

ಮುಂದಿನದನ್ನು ಬೇಗ ಮುಗಿಸಿದ. 12ರಂದು ಪುಂಗ್ಲಿ ಸೇತುವೆಯ ಬಳಿ, ಹಿಂದಿನ ದಿನ ವಿಮಾನದಿಂದ ಹಾರಿ ಇಳಿದಿದ್ದ 2ನೇ ಪ್ಯಾರಾ ಪಲ್ಟನ್ ಕೂಡಿಕೊಂಡಿತು. ಅವರೂ ಮೂಲದಲ್ಲಿ ಮರಾಠಾದವರೇ ಆದ್ದರಿಂದ ಕತ್ತಲಲ್ಲಿ ಮರಾಠಿ ಕೇಳಿಸಿದಾಗ ಜೀವಕ್ಕೆ ಜೀವ ಬಂತು. 16ರಂದು ಢಾಕಾ. ಎಲ್ಲರೂ ಕುಣಿದರು. ಅಪ್ಪ ಗೆಳೆಯನ ಟ್ರಂಕಿಗೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡ.

ಆಗಿನ ದಿನಗಳಲ್ಲಿ ಸತ್ತ ಸಿಪಾಯಿಯ ದೇಹ ಊರಿಗೆ ಬರುತ್ತಿರಲಿಲ್ಲ. ರಣಭೂಮಿಯಲ್ಲೇ ಬೆಂಕಿ ಕೊಡುತ್ತಿದ್ದರು. ಮನೆಗೆ ತಲುಪುತ್ತಿದ್ದದ್ದು ಒಂದು ತಾರು, ಆಮೇಲೆ ಅವನ ಸಾಮಾನು. 1972ರ ಮಾರ್ಚಿನಲ್ಲಿ ನಮ್ಮ ಸೈನ್ಯ ಬಾಂಗ್ಲಾದೇಶದಿಂದ ಹಿಂದಕ್ಕೆ ಬಂತು. ಸೂಟಿ ಸಿಕ್ಕ ಕೂಡಲೇ ಅಪ್ಪ ಹೊರಟ, ಎರಡು ಟ್ರಂಕು ಹೊತ್ತು. ಫೆಬ್ರುವರಿಯಲ್ಲಿ ನಾನು ಹುಟ್ಟಿದ ಪತ್ರ ಅವನ ಕಿಸೆಯಲ್ಲಿತ್ತು. ಆದರೂ ರಾಯಬಾಗದ ತನಕ ಬರಲಿಲ್ಲ, ಶೇಡಬಾಳದಲ್ಲಿ ಇಳಿದುಬಿಟ್ಟ. ಅಲ್ಲಿಂದ ಅಥಣಿಗೆ, ಅಥಣಿಯಿಂದ ಚಕ್ಕಡಿಯಲ್ಲಿ ಆ ಊರಿಗೆ. ಮಗಳ ಮುಖ ನೋಡುವ ಮೊದಲು ಅವನು ನೋಡಿದ್ದು ಗೆಳೆಯನ ಹೆಂಡತಿಯ ಮುಖವನ್ನು. ಅವಳ ಸೊಂಟದ ಮೇಲೂ ಒಂದು ಹೆಣ್ಣು ಕೂಸು ಇತ್ತು.

ಅವ್ವ ಈ ಮಾತನ್ನು ಹೇಳುವಾಗ ಅವಳ ದನಿಯಲ್ಲಿ ಇಂದಿಗೂ ಸಣ್ಣ ಮುನಿಸಿರುತ್ತದೆ, ಅದಕ್ಕಿಂತ ದೊಡ್ಡ ಅಭಿಮಾನವಿರುತ್ತದೆ.

ಆ ವರ್ಷ ಮಳೆ ಬರಲಿಲ್ಲ. 1972ರ ಬರವನ್ನು ಕಂಡವರು ಅಥಣಿಯ ಕಡೆ ಈಗಲೂ ಇದ್ದಾರೆ. ದನಗಳನ್ನು ಹಗ್ಗ ಬಿಚ್ಚಿ ಬಿಟ್ಟ ವರ್ಷ, ಹಳ್ಳಿಗೆ ಹಳ್ಳಿಯೇ ಬರಗಾಲದ ಕಾಮಗಾರಿಗೆ ಹೋಗಿ ಖಡಿ ಒಡೆದ ವರ್ಷ. ಮುಂದಿನ ಸೂಟಿಯಲ್ಲಿ ಅಪ್ಪ ಮತ್ತೆ ಅಲ್ಲಿಗೆ ಹೋದಾಗ ಗೆಳೆಯನ ಹೆಂಡತಿ ಮನೆಯಲ್ಲಿರಲಿಲ್ಲ. ರಸ್ತೆ ಕೆಲಸದಲ್ಲಿ ಕಲ್ಲು ಒಡೆಯುತ್ತ ಕೂತಿದ್ದಳು, ಕೂಸನ್ನು ಜಾಲಿಯ ನೆರಳಿಗೆ ಮಲಗಿಸಿ. ದೇಶಕ್ಕೆ ಜೀವ ಕೊಟ್ಟವನ ಹೆಂಡತಿ. ಪೆನ್ಶನ್ ಯಾಕೆ ಬಂದಿಲ್ಲ ಎಂದರೆ, ಪಲ್ಟನ್ನಿನ ದಾಖಲೆಯಲ್ಲಿ ಅವಳ ತವರಿನ ಹೆಸರು, ಊರ ಚಾವಡಿಯ ದಾಖಲೆಯಲ್ಲಿ ಮದುವೆಯಲ್ಲಿ ಇಟ್ಟ ಹೆಸರು. ಒಂದು ಕಚೇರಿಯಲ್ಲಿ ಕೂತವರು, ಇವಳೇ ಅವಳು ಎನ್ನುವುದಕ್ಕೆ ಆಧಾರ ಎಲ್ಲಿದೆ ಎಂದು ಕೇಳಿ ಅರ್ಜಿಯನ್ನು ಬದಿಗಿಟ್ಟಿದ್ದರು.

ಅಪ್ಪ ಆ ಸೂಟಿಯನ್ನು ಪೂರ್ತಿ ಅದಕ್ಕೇ ಕಳೆದ. ಅಥಣಿಯ ತಹಶೀಲ್ದಾರರ ಮುಂದೆ ಊರ ಹಿರಿಯರನ್ನು ನಿಲ್ಲಿಸಿ, ಎರಡೂ ಹೆಸರಿನವಳು ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಿದ. ಅದನ್ನು ಹಿಡಿದು ಬೆಳಗಾವಿಗೆ ಹೋಗಿ ದಳದ ದಾಖಲೆ ಕಚೇರಿಯಲ್ಲಿ ಕೊಟ್ಟ. ಅಲ್ಲಿನ ಸುಬೇದಾರರು ಕಾಗದ ನೋಡಿ ತಾವೇ ಮುಂದಿನ ಅರ್ಜಿ ಬರೆದುಕೊಟ್ಟರೆಂದು ಅಪ್ಪ ಕೊನೆತನಕ ನೆನೆಯುತ್ತಿದ್ದ. ಕಾಗದ ಅಲಹಾಬಾದಿನ ಪೆನ್ಶನ್ ಕಚೇರಿಗೆ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ, ಕೊನೆಗೆ ಪೆನ್ಶನ್ ಬಾಕಿ ಸಮೇತ ಬಂತು. ಆ ಹೆಣ್ಣುಮಗಳು ಮೊದಲ ಹಣದಲ್ಲಿ ಒಂದು ಎಮ್ಮೆ ಕಟ್ಟಿದಳು.

ಅಪ್ಪ ಪಲ್ಟನ್ನಿಗೆ ಮರಳಿದವನು ಮಾಡಿದ ಮೊದಲ ಕೆಲಸ, ಅವ್ವನ ಹೆಸರು ತಿದ್ದಿಸಿದ್ದು. ಅವನೂ ಅವ್ವನ ತವರಿನ ಹೆಸರನ್ನೇ ಬರೆಸಿದ್ದ. ಪಾರ್ಟ್ ಟೂ ಆರ್ಡರ್ ಎಂದು ಸೈನ್ಯದಲ್ಲಿ ಒಂದು ನಮೂದು ಇರುತ್ತದೆ. ಮದುವೆ, ಮಕ್ಕಳು, ಹೆಸರು ಬದಲಾವಣೆ ಎಲ್ಲವೂ ಅದರ ಮೂಲಕವೇ ದಾಖಲೆಗೆ ಹೋಗಬೇಕು. ಅದನ್ನು ಮಾಡಿಸಿ, ತನ್ನ ಕಂಪನಿಯ ಪ್ರತಿಯೊಬ್ಬ ಜವಾನನ ಬೆನ್ನು ಹತ್ತಿ ಅವರದನ್ನೂ ನೋಡಿಸಿದ. ‘ಕಾಗದದ ಹವಾಲ್ದಾರ’ ಎಂಬ ಹೆಸರು ಅವನಿಗೆ ಅಲ್ಲೇ ಬಿತ್ತು.

1979ರಲ್ಲಿ ಪೆನ್ಶನ್ ಮೇಲೆ ಮನೆಗೆ ಬಂದ. ಸಿಪಾಯಿಗೆ ಪೆನ್ಶನ್ ಸಿಗಲು ಹದಿನೈದು ವರ್ಷದ ಸೇವೆ ಬೇಕು. ಅದು ಮುಗಿದಿತ್ತು, ಇನ್ನೂ ಮೂವತ್ತೈದರ ಪ್ರಾಯ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಾವಲು ಕೆಲಸ ಸಿಕ್ಕಿತು. ರಾತ್ರಿ ಪಾಳಿಯನ್ನೇ ಕೇಳಿ ತೆಗೆದುಕೊಂಡ, ಹಗಲು ಮನೆಯಲ್ಲಿರಬಹುದು ಎಂದು.

ಹನ್ನೆರಡು ವರ್ಷ ಪತ್ರದಲ್ಲಿ ನಡೆಸಿದ ಸಂಸಾರವನ್ನು ಕಣ್ಣೆದುರು ನಡೆಸುವ ಆಸೆ ಅವನಿಗೆ ಎಷ್ಟಿತ್ತೆಂದು ಹೇಳುವುದು ಕಷ್ಟ. ಮುಂಜಾನೆ ಪಾಳಿ ಮುಗಿಸಿ ಸೈಕಲ್ ಒತ್ತಿಕೊಂಡು ಬಂದವನು ಮಲಗುತ್ತಿರಲಿಲ್ಲ. ಹೊಳೆಯಿಂದ ನೀರು ತರುವುದು ಅವನ ಕೆಲಸ. ಗಂಡಸು ಕೊಡ ಹೊತ್ತರೆ ನಗುವ ಊರು ಅದು. ನಕ್ಕವರು ಮೊದಲ ತಿಂಗಳಲ್ಲೇ ಸುಮ್ಮನಾದರು. ಆಮೇಲೆ ನನ್ನ ಜಡೆ. ಅವ್ವನಿಗೆ ಬೆಳಗಿನ ರೊಟ್ಟಿಯ ಗಡಿಬಿಡಿ. ಅಪ್ಪ ಹೊಸ್ತಿಲ ಮೇಲೆ ಕೂತು, ನನ್ನನ್ನು ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ, ಬಾಚಣಿಗೆಯಿಂದ ನಡು ಬೈತಲೆ ತೆಗೆಯುತ್ತಿದ್ದ. ಬೈತಲೆ ಸೊಟ್ಟಗಾದರೆ ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ. ಎರಡು ಜಡೆ, ಕಿವಿಯಿಂದ ಸಮ ದೂರ, ಕೆಂಪು ರಿಬ್ಬನ್ನಿನ ಗಂಟು ಎರಡೂ ಕಡೆ ಒಂದೇ ಎತ್ತರಕ್ಕೆ. ರೈಫಲ್ ತಿಕ್ಕಿ ಗಟ್ಟಿಯಾದ ಬೆರಳುಗಳು ಕೂದಲಿನ ಸಿಕ್ಕು ಬಿಡಿಸುವಾಗ ಒಂದು ಎಳೆಯೂ ನೋಯುತ್ತಿರಲಿಲ್ಲ. ಶಾಲೆಯಲ್ಲಿ ಗೆಳತಿಯರು ನಿಮ್ಮವ್ವ ಎಷ್ಟು ಚಂದ ಹೆಣೀತಾಳ ಎಂದರೆ ನಾನು, ನಮ್ಮಪ್ಪ ಎನ್ನುತ್ತಿದ್ದೆ, ಎದೆ ಉಬ್ಬಿಸಿ.

ಅಡುಗೆಯೂ ಬರುತ್ತಿತ್ತು. ಪಲ್ಟನ್ನಿನ ಲಂಗರಿನಲ್ಲಿ ಕಲಿತ ದಾಲ್, ದಪ್ಪ ಪೂರಿ. ಅಮವಾಸ್ಯೆಯ ದಿನ ಅವ್ವನಿಗೆ ಒಲೆ ಮುಟ್ಟಲು ಬಿಡುತ್ತಿರಲಿಲ್ಲ. ಫೆಬ್ರುವರಿ 4ರಂದು ಶಿರಾ ಮಾಡುತ್ತಿದ್ದ. 1670ರಲ್ಲಿ ತಾನಾಜಿ ಮಾಲುಸರೆ ಸಿಂಹಗಡ ಗೆದ್ದ ನೆನಪಿಗೆ ದಳ ಆ ದಿನವನ್ನು ತನ್ನ ಹಬ್ಬವಾಗಿ ಮಾಡುತ್ತದೆ. ನಮಗೆ ಶಿರಾ ಮುಖ್ಯ, ಸಿಂಹಗಡ ಆಮೇಲೆ.

ನಾನು ಒಂಬತ್ತು ವರ್ಷದವಳಿದ್ದಾಗ, 1981ರಲ್ಲಿ, ನಿಪ್ಪಾಣಿಯ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಬಂದು ಕೂತರು. ವ್ಯಾಪಾರಿಗಳು ಕೊಡುವ ಬೆಲೆಯಲ್ಲಿ ಬೀಜ ಗೊಬ್ಬರದ ಖರ್ಚೂ ಹುಟ್ಟುತ್ತಿರಲಿಲ್ಲ. ಶರದ್ ಜೋಶಿಯವರೂ ಬಂದು ಆ ಚಳವಳಿಯಲ್ಲಿ ನಿಂತರು. ನನ್ನ ಸೋದರಮಾವಂದಿರು ಎತ್ತು ಬಂಡಿ ಸಮೇತ ಅಲ್ಲಿದ್ದರು. ಅಪ್ಪ ರೊಟ್ಟಿ, ಖರ್ಡಾ ಕಟ್ಟಿಸಿಕೊಂಡು ಎರಡು ಸಲ ಹೋಗಿ ಬಂದ. ಏಪ್ರಿಲ್ 6ರಂದು ಪೋಲೀಸರು ಜನರನ್ನು ಎಬ್ಬಿಸಿದರು, ಗೋಲಿಬಾರ್ ಆಯಿತು, ರೈತರು ಸತ್ತರು. ಸುದ್ದಿ ಕೇಳಿದ ಅಪ್ಪ ಮೊದಲು ಕೇಳಿದ್ದು ಯಾರ ತಪ್ಪು ಎಂದಲ್ಲ. ‘ಸತ್ತವರ ಹೆಂಡ್ರ ಮಕ್ಕಳ ಗತಿ ಏನು? ಅವರಿಗಿ ಯಾರ ಕಾಗದ ಮಾಡಿ ಕೊಡ್ತಾರ?’ ಎಂದ. ಸಿಪಾಯಿಯ ಮನೆಯಾಗಲಿ, ರೈತನ ಮನೆಯಾಗಲಿ, ಗಂಡಸು ಬಿದ್ದ ಮೇಲೆ ಉಳಿಯುವ ಮನೆಯೇ ಅವನ ಕಣ್ಣಿಗೆ ಮೊದಲು ಕಾಣುತ್ತಿತ್ತು.

ಅಣ್ಣ ಸೈನ್ಯಕ್ಕೆ ಹೋಗಲಿಲ್ಲ. ಆ ರಾತ್ರಿಯ ಮಾತು ಕೇಳಿ ಹೆದರಿದ್ದಲ್ಲ; ಎದೆಯ ಅಳತೆ ಸಾಲಲಿಲ್ಲ. ಹೊಲ ನೋಡಿಕೊಂಡ. ನನ್ನನ್ನು ಅಪ್ಪ ಚಿಕ್ಕೋಡಿಯ ಕಾಲೇಜಿಗೆ ಕಳಿಸಿದ. ಹೆಣ್ಣುಮಕ್ಕಳನ್ನು ಬಸ್ಸಿನಲ್ಲಿ ಕಾಲೇಜಿಗೆ ಕಳಿಸುವುದು ಆಗ ನಮ್ಮ ಊರಲ್ಲಿ ಸಲೀಸಾದ ಮಾತಾಗಿರಲಿಲ್ಲ. ಅವ್ವನಿಗೆ ಹೊಟ್ಟೆಯ ಆಪರೇಶನ್ ಆದಾಗ ಮಿರಜಿನ ದವಾಖಾನೆಯಲ್ಲಿ ಅವಳ ಮಂಚದ ಪಕ್ಕ ನೆಲದ ಮೇಲೆ ಹಾಸಿಕೊಂಡು ಮಲಗಿದವನು ಅವನೇ. ನಾನೂ ಅತ್ತಿಗೆಯೂ ಪಾಳಿ ಹಾಕಿಕೊಳ್ಳುತ್ತೇವೆ ಎಂದರೆ ಕೇಳಲಿಲ್ಲ. ‘ಅಕಿ ಹನ್ನೆರಡು ವರ್ಷ ಒಬ್ಬಾಕಿನ ಕಾದಾಳ. ಈಗ ನನ್ನ ಪಾಳಿ’ ಎಂದ.

ಅಥಣಿಯ ಆ ಮನೆಗೆ ಪ್ರತಿ ದೀಪಾವಳಿಗೆ ಹೋಗುತ್ತಿದ್ದ. ಗೆಳೆಯನ ಮಗಳಿಗೆ ಸೀರೆ, ಹೆಂಡತಿಗೆ ಸೀರೆ. ಬರುವಾಗ ಅಥಣಿಯ ಪೇಟೆಯಲ್ಲಿ ನಮ್ಮೆಲ್ಲರ ಅಳತೆಗೆ ಚಪ್ಪಲಿ ತರುತ್ತಿದ್ದ. ಕೊಲ್ಹಾಪುರಿ ಎಂದು ಊರೂರಿಗೆ ಹೆಸರಾದ ಆ ಚಪ್ಪಲಿಗಳನ್ನು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಿಗರೂ ಮೊದಲಿನಿಂದ ಮಾಡುತ್ತ ಬಂದಿದ್ದಾರೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಗೆಳೆಯನ ಮಗಳ ಮದುವೆಯಲ್ಲಿ ತಂದೆ ನಿಲ್ಲಬೇಕಾದ ಜಾಗದಲ್ಲಿ ಅಪ್ಪ ನಿಂತ. ನನ್ನ ಮದುವೆಯಲ್ಲಿ ಅಳದವನು ಅಲ್ಲಿ ಅತ್ತ.

ಅವನು ಅತ್ತದ್ದನ್ನು ಮತ್ತೊಮ್ಮೆ ಕಂಡದ್ದು 1999ರಲ್ಲಿ. ಕಾರ್ಗಿಲ್ಲಿನಿಂದ ಶವಪೆಟ್ಟಿಗೆಗಳು ತ್ರಿವರ್ಣ ಹೊದ್ದು ಊರೂರಿಗೆ ಬರುತ್ತಿದ್ದವು. ಟಿವಿಯ ಮುಂದೆ ಕೂತಿದ್ದ ಅಪ್ಪನ ಕಣ್ಣಿಂದ ನೀರು ಸುರಿಯುತ್ತಿತ್ತು. ‘ಈಗರೆ ಮನಿಗಿ ಕಳಸಾಕತ್ಯಾರ. ಅವರವ್ವ ಒಮ್ಮಿ ಮುಖ ನೋಡತಾಳ’ ಎಂದ. ಆವತ್ತು ನನಗೆ ತಿಳಿದದ್ದು ಇದು: ಇಪ್ಪತ್ತೆಂಟು ವರ್ಷವಾದರೂ ಅವನು ಆ ಎರಡನೇ ಟ್ರಂಕನ್ನು ಕೆಳಗಿಳಿಸಿರಲಿಲ್ಲ.

ವಯಸ್ಸಾದ ಮೇಲೆ ಅವನ ದಿನಚರಿ ಕಾಗದದ ಸುತ್ತ ನಿಂತಿತು. ಚಿಕ್ಕೋಡಿಗೆ ಹೋದಾಗ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಸುತ್ತಲಿನ ಊರುಗಳ ಮಾಜಿ ಸೈನಿಕರು ಕೂಡುತ್ತಿದ್ದರು. ಬೇರೆಯವರು ಕ್ಯಾಂಟೀನಿನ ಸಾಮಾನಿನ ಸುದ್ದಿ, ಒಂದು ಶ್ರೇಣಿ ಒಂದು ಪಿಂಚಣಿಯ ಸುದ್ದಿ ಆಡುತ್ತಿದ್ದರೆ ಅಪ್ಪ ಭೂತಗನ್ನಡಿ ತೆಗೆದು ಒಬ್ಬೊಬ್ಬರ ಡಿಸ್ಚಾರ್ಜ್ ಬುಕ್ಕು ಬಿಚ್ಚುತ್ತಿದ್ದ. ‘ನಿನ್ನ ಹೇಣ್ತಿ ಹೆಸರ ಇಲ್ಲೊಂದ ಐತಿ, ರೇಶನ್ ಕಾರ್ಡಿನಾಗ ಒಂದ ಐತಿ. ಏನ್ ಎರಡ ಲಗ್ನ ಆಗೀಯೇನು?’ ಎಂದು ಗದರುತ್ತಿದ್ದ. ಹುಟ್ಟಿದ ತಾರೀಖು ನಮೂದಾಗದ ಹೆಂಡತಿಯರು ಎಷ್ಟೋ ಜನ. ಅರವತ್ತು, ಎಪ್ಪತ್ತರ ದಶಕದಲ್ಲಿ ಭರ್ತಿಯಾದವರ ದಾಖಲೆಯಲ್ಲಿ ಆ ಕಲಂ ಖಾಲಿ ಇರುವುದೇ ಹೆಚ್ಚು. ಅಪ್ಪ ತನ್ನ ಕೈಯಾರೆ ಅರ್ಜಿ ಬರೆದು, ಬೆಳಗಾವಿಗೆ ಹೋಗುವ ದಿನ ಹತ್ತು ಜನರ ಕಾಗದ ಒಂದೇ ಚೀಲದಲ್ಲಿ ಒಯ್ಯುತ್ತಿದ್ದ. ಆಧಾರ್ ಬಂದಾಗ ಅವ್ವನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಯಿತು. ಎಪ್ಪತ್ತು ದಾಟಿದ್ದ ಅಪ್ಪ ಅವಳನ್ನು ಕರೆದುಕೊಂಡು ಬಿಸಿಲಲ್ಲಿ ಸಾಲು ನಿಂತು ಅದನ್ನು ತಿದ್ದಿಸಿ ಬಂದ. ಅಣ್ಣ, ಒಂದು ಅಕ್ಷರಕ್ಕೆ ಇಷ್ಟು ಯಾಕಪ್ಪಾ ಎಂದದ್ದಕ್ಕೆ ಸಿಕ್ಕ ಉತ್ತರ: ‘ಖಡಿ ಒಡಿಯೂದ ನೋಡಿಲ್ಲ ನೀ.’

2005ರಲ್ಲೂ ಹೊಳೆ ಬಂದಿತ್ತು. ಆದರೆ 2019ರ ಆಗಸ್ಟಿನ ನೀರು ಬೇರೆಯದೇ. ಕೊಯ್ನಾ ಅಣೆಕಟ್ಟಿನಿಂದ ಬಿಟ್ಟ ನೀರಿನ ಜೊತೆ ದೂಧಗಂಗಾ, ವೇದಗಂಗಾ ಕೂಡಿ ದಂಡೆಯ ಊರುಗಳೆಲ್ಲ ಮುಳುಗಿದವು. ನಮ್ಮ ಮನೆಯ ಚೌಕಟ್ಟಿನ ತನಕ ನೀರು ಬಂತು. ಅಣ್ಣ ಎಮ್ಮೆಗಳನ್ನು ಬಿಚ್ಚುತ್ತಿದ್ದ, ಅತ್ತಿಗೆ ಕಾಳಿನ ಚೀಲ ಅಟ್ಟಕ್ಕೆ ಏರಿಸುತ್ತಿದ್ದಳು. ಅಪ್ಪ ಅವ್ವನ ಕೈ ಒಂದು ಕಡೆ, ಕರೀ ಟ್ರಂಕಿನ ಹಿಡಿಕೆ ಒಂದು ಕಡೆ ಹಿಡಿದು ಅಟ್ಟದ ಮೇಲೆ ಕೂತ. ಸೈನ್ಯದ ದೋಣಿ ಬಂತು. ಇಪ್ಪತ್ತರ ಪ್ರಾಯದ ಒಬ್ಬ ಜವಾನ ಕೈ ಚಾಚಿ, ಬಾಬಾ, ಮೊದಲು ನೀವು ಎಂದ ಹಿಂದಿಯಲ್ಲಿ. ಅಪ್ಪ ಅವ್ವನನ್ನು ಮುಂದೆ ಮಾಡಿ, ಕೊನೆಗೆ ತಾನು ಹತ್ತಿ, ಅಲುಗಾಡುವ ದೋಣಿಯಲ್ಲಿ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ನಂಬರು, ಹುದ್ದೆ, ಹೆಸರು, ಪಲ್ಟನ್ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಆ ಹುಡುಗರು ಹುಟ್ಟು ನಿಲ್ಲಿಸಿ ತಾವೂ ಎದ್ದು ನಿಂತು ತಿರುಗಿ ಸೆಲ್ಯೂಟ್ ಮಾಡಿದರು. ಅದನ್ನು ಅಣ್ಣ ನನಗೆ ಫೋನಿನಲ್ಲಿ ಹೇಳುವಾಗ ಇಬ್ಬರಿಗೂ ಮಾತು ಮುಂದುವರಿಯಲಿಲ್ಲ.

2022ರ ಡಿಸೆಂಬರಿನಲ್ಲಿ ಅಪ್ಪ ಹೋದ. ಊರಿನ ಮಾಜಿ ಸೈನಿಕರು ಬೆರೆ ಟೋಪಿ ತೊಟ್ಟು ಬಂದು ಧ್ವಜ ಹೊದಿಸಿದರು. ಅಥಣಿಯಿಂದ ಗೆಳೆಯನ ಮಗಳು ಬಂದಿದ್ದಳು, ತನ್ನ ಮೊಮ್ಮಗನನ್ನು ಎತ್ತಿಕೊಂಡು. ಅವಳ ತಾಯಿ ಅದಕ್ಕಿಂತ ಮೊದಲೇ ತೀರಿಕೊಂಡಿದ್ದಳು, ಕೊನೆಯ ತಿಂಗಳ ತನಕ ಪೆನ್ಶನ್ ತನ್ನ ಕೈಯಲ್ಲೇ ಎಣಿಸಿಕೊಂಡು.

ಹದಿಮೂರನೆಯ ದಿನ ಮುಗಿದ ಮೇಲೆ ಟ್ರಂಕು ತೆಗೆದೆವು. ಮೇಲೆಯೇ ಒಂದು ನೀಲಿ ಫೈಲು. ಒಳಗೆ ಡಿಸ್ಚಾರ್ಜ್ ಬುಕ್ಕು, ಪೆನ್ಶನ್ ಪಾವತಿಯ ಆದೇಶವಾದ ಪಿಪಿಒ, ಅದರ ತಿದ್ದುಪಡಿಯ ಆದೇಶ, ಇಬ್ಬರ ಹೆಸರಿನ ಬ್ಯಾಂಕ್ ಪುಸ್ತಕ, ಇಬ್ಬರ ಆಧಾರ್ ನಕಲು, ಜೋಡಿ ಫೋಟೋ ನಾಲ್ಕು ಪ್ರತಿ. ಒಂದು ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದ: ನಾನು ಸತ್ತ ಮೇಲೆ ಮಾಡಬೇಕಾದ ಕೆಲಸ, ಯಾವ ಕಚೇರಿಗೆ ಮೊದಲು, ಯಾವುದಕ್ಕೆ ಆಮೇಲೆ. ಕೊನೆಯ ಸಾಲು, ‘ನಿಮ್ಮವ್ವ ಯಾರ ಮುಂದೂ ಕೈ ಮುಗಿದು ನಿಲ್ಲಬಾರದು.’ ನಾವು ಆ ಹಾಳೆಯ ಪ್ರಕಾರ ನಡೆದೆವು. ಅವ್ವನ ಕುಟುಂಬ ಪೆನ್ಶನ್ ಒಂದು ಪ್ರಶ್ನೆಯೂ ಏಳದೆ ಬಂತು. ಅವಳು ಸಹಿ ಹಾಕಿದಳು, ಒಲೆಯ ಬೆಳಕಿನಲ್ಲಿ ಕಲಿತ ಅದೇ ಹೆಸರನ್ನು ಬರೆದು.

ಈಗ ಪೆನ್ಶನ್ನಿನ ಲೆಕ್ಕವೆಲ್ಲ ಸ್ಪರ್ಶ್ ಎಂಬ ಗಣಕ ವ್ಯವಸ್ಥೆಗೆ ಹೋಗಿದೆ. ಮನುಷ್ಯನಾದರೆ ಮುಖ ನೋಡಿ ನಂಬಬಹುದು, ಯಂತ್ರ ಅಕ್ಷರ ನೋಡುತ್ತದೆ. ಹೆಸರು ಹೊಂದದೆ, ಹುಟ್ಟಿದ ತಾರೀಖು ಇಲ್ಲದೆ ಗಂಡನ ಫೋಟೋ ಹಿಡಿದು ತಿಂಗಳುಗಟ್ಟಲೆ ಅಲೆಯುವ ಮುದುಕಿಯರನ್ನು ನಮ್ಮ ತಾಲ್ಲೂಕುಗಳಲ್ಲಿ ನಾನು ಇಂದಿಗೂ ನೋಡುತ್ತಿದ್ದೇನೆ. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಪಲ್ಟನ್ನಿನಿಂದ ಬಂದ ಹಿರಿಯರಿದ್ದರೆ ದಯವಿಟ್ಟು ಈ ವಾರವೇ ಅವರ ಪಕ್ಕ ಕೂತು ಪಿಪಿಒ ತೆಗೆಸಿ ನೋಡಿ. ಹೆಂಡತಿಯ ಹೆಸರು ಆಧಾರ್‌ನಲ್ಲಿ ಇದ್ದ ಹಾಗೆಯೇ ಇದೆಯೇ, ಹುಟ್ಟಿದ ತಾರೀಖು ಇದೆಯೇ, ಬ್ಯಾಂಕ್ ಖಾತೆ ಇಬ್ಬರ ಹೆಸರಿನಲ್ಲಿದೆಯೇ ಎಂದು ಪರೀಕ್ಷಿಸಿ. ತಪ್ಪಿದ್ದರೆ ಬೆಳಗಾವಿಯ ಸೈನಿಕ ಕಲ್ಯಾಣ ಕಚೇರಿಗೋ ದಳದ ದಾಖಲೆ ಕಚೇರಿಗೋ ಅವರನ್ನು ಕರೆದುಕೊಂಡು ಹೋಗಿ, ಅವರು ಇರುವಾಗಲೇ ತಿದ್ದಿಸಿ.